ಲಕ್ಕಪ್ಪ ಕೆಳಗಿಳಿದ ಪರಿ

ಮಸಗುಪ್ಪಿಯ ಲಕ್ಕಪ್ಪ ತನ್ನ ಟ್ರ್ಯಾಕ್ಟರಿಗೆ ಏನೇನು ಹಾಕಿಸಿದ್ದ ಅಂತೀರಿ! ಬಣ್ಣದ ಲೈಟು, ಗೊಂಡೆ, ಗೋಕಾಕದಿಂದ ತಂದ ಎರಡು ದೊಡ್ಡ ಸ್ಪೀಕರು. ಹಿಂದೆ ನೋಡುವ ಕನ್ನಡಿ ಮಾತ್ರ ಒಡೆದು ವರ್ಷವಾಗಿತ್ತು, ಅದನ್ನು ಹಾಕಿಸಲು ಪುರುಸೊತ್ತಿರಲಿಲ್ಲ. ಕೇಳಿದರೆ, "ಹಳೇ ಡ್ರೈವರ್ ಅದೀನಿ. ನನಗ ಬೆನ್ನಾಗೂ ಕಣ್ಣ ಅದಾವ" ಅನ್ನುವ. ಅಬ್ಬಾ, ಬೆನ್ನಿನ ಕಣ್ಣು! ಮುಂದಿನವೇ ಅರ್ಧ ಹೊತ್ತು ಮೊಬೈಲಿನಲ್ಲಿರುತ್ತಿದ್ದವು.

ಆ ಬೆನ್ನಿನ ಕಣ್ಣಿನ ಕೆಲಸವನ್ನು ಮಾಡುತ್ತಿದ್ದವಳು ಅವನ ಹೆಂಡತಿ ಪಾರವ್ವ. ಕಬ್ಬು ಹೇರಲು ಟ್ರೇಲರನ್ನು ಹಿಂದಕ್ಕೆ ತರುವಾಗಲೆಲ್ಲ ಅವಳೇ ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೂಗಬೇಕು. "ರಿವರ್ಸ್ ತಗೊಳ್ಳುವಾಗರೆ ಹಾಡ ಬಂದ್ ಮಾಡ್ರಿ, ನಾ ಒದರಿದ್ದು ನಿಮಗ ಕೇಳಂಗಿಲ್ಲ" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಅನ್ನುತ್ತಾರೆ. ಇಲ್ಲಿ ಕೋಣವೇ ಕಿನ್ನರಿ ಕಟ್ಟಿಕೊಂಡು ಕೂತಿತ್ತು.

ಅವತ್ತೂ ಹಾಗೇ ಆಯಿತು. ಹೊಲದ ಬದುವಿನಲ್ಲಿ ಬೇವಿನ ಮರ. ಅದರ ಮುಂದೆ ಪಾರವ್ವ. ಟ್ರೇಲರ್ ಹಿಂದೆ ಹಿಂದೆ ಬಂತು.

"ಸಾಕ್ರೀ! ನಿಲ್ಲಸ್ರೀ!"

ಹಾಡು ಅವಳಿಗಿಂತ ಜೋರಾಗಿ ಒದರಿತು. ಪಾರವ್ವನ ಬೆನ್ನು ಮರಕ್ಕೆ ತಾಗಿತು. ಅಡ್ಡ ಜಿಗಿದಳು. ಟ್ರೇಲರ್ ಧಡ್ಡನೆ ಮರಕ್ಕೆ ಬಡಿದು ನಿಂತಿತು. ನಡುವೆ ಸಿಕ್ಕ ಸೆರಗು ಪರ್ರನೆ ಹರಿಯಿತು.

ಲಕ್ಕಪ್ಪ ಸೀಟು ಬಿಟ್ಟು ಏಳಲಿಲ್ಲ. ಹಾಡು ಸಣ್ಣದು ಮಾಡಿ, ಕುತ್ತಿಗೆಯನ್ನೂ ತಿರುಗಿಸದೆ ಕೂಗಿದ: "ಏ ಪಾರಿ, ಗಿಡ ಐತಿ ಅಂತ ಹೇಳಾಕ ಬರೂದಿಲ್ಲೇನ? ಲಕ್ಷ್ಯ ಎಲ್ಲಿರತೈತಿ ನಿಂದು?" ಬೈಯುತ್ತಲೇ ಟ್ರ್ಯಾಕ್ಟರನ್ನು ತುಸು ಮುಂದೆ ಎಳೆದು, ಮತ್ತೆ ಹಿಂದೆ ಬರಲು ಸಜ್ಜಾದ.

ಪಾರವ್ವನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಥೂ ನಿನ್ನ ಗಂಡಸುತನಕ್ಕೆ! ಮುಂದೆ ಬಂದವಳೇ ವೈರು ಕಿತ್ತು, ಒಂದು ಸ್ಪೀಕರನ್ನು ಅವುಚಿಕೊಂಡು ಹೋಗಿ ಟ್ರೇಲರಿನ ಗಾಲಿಯ ಹಿಂದೆ ಇಟ್ಟಳು.

"ಬರ್ರಿ ಈಗ," ಎಂದಳು. "ಇನ್ಮ್ಯಾಲೆ ಇದೇ ಹಿಂದ ನಿಂತ ಹೇಳತೈತಿ ನಿಮಗ."

"ಏ ಹುಚ್ಚಿ! ಒಡದ ಹೋಗತೈತಿ ಅದು!"

ಲಕ್ಕಪ್ಪ ಎಂಜಿನ್ ಬಂದ್ ಮಾಡಿ ಕೆಳಗೆ ಜಿಗಿದ. ಎದ್ದು ಬಿದ್ದು ಓಡಿ ಬಂದು ಸ್ಪೀಕರನ್ನು ಎತ್ತಿಕೊಂಡ, ಮಣ್ಣು ಒರೆಸಿದ, ಎಲ್ಲಾದರೂ ಪೆಟ್ಟು ಬಿದ್ದಿದೆಯೇ ಎಂದು ನಾಲ್ಕೂ ಕಡೆ ತಿರುಗಿಸಿ ನೋಡಿದ.

ಪಾರವ್ವ ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಳದ ಬಂದ ನೋಡಾಕ ಬರತೈತಿ ಹಂಗಾರ ನಿಮಗ," ಎಂದಳು.