ಎಂಟು ವಾರ

"ಇನ್ನೂ ಐದೇ ವಾರ ಆಗಿರೋದು. ಎಂಟು ಆಗ್ಲೇಬೇಕು," ಎಂದು ಚರ್ಮದ ಡಾಕ್ಟರು ಫೈಲು ಮುಚ್ಚಿದರು.

ತಾರೀಕು ತಪ್ಪು ಬರೆದುಕೊಂಡಿದ್ದೆ ಎಂದು ಹೊಲಿಗೆಯವಳು ಸುಳ್ಳು ಹೇಳಿದಳು. ಪಕ್ಕದಲ್ಲಿ ಅವಳ ಗಂಡ ಅಂಗಿಯ ತೋಳು ಮಡಿಸಿಕೊಂಡು, ಬೇರೆ ಯಾರದೋ ಕೈ ಎನ್ನುವಂತೆ ತನ್ನ ಮಣಿಕಟ್ಟನ್ನು ನೋಡುತ್ತಿದ್ದ. ಅದರ ಒಳಮಗ್ಗುಲಲ್ಲಿ ತೀರಿಹೋದ ಮೊದಲ ಹೆಂಡತಿಯ ಹೆಸರಿತ್ತು, ಮೂರಕ್ಷರ. ಮೂರು ಸಲ ಲೇಸರ್ ಬಿದ್ದು ಹಚ್ಚೆಯ ಕಪ್ಪು ಹೋಗಿತ್ತು. ಒಗೆದ ಬಟ್ಟೆಯಲ್ಲಿ ಉಳಿದ ಶಾಯಿಯಂತೆ ಬೂದಿಬಣ್ಣಕ್ಕೆ ತಿರುಗಿತ್ತು.

ಬೇಗ ಮಾಡಿಸಿದರೆ ಏನಾಗುತ್ತದೆ ಎಂದು ಅವಳು ಕೇಳಿದಳು. ಚರ್ಮ ಸುಟ್ಟು ಕಲೆ ನಿಲ್ಲುತ್ತದೆ ಎಂದರು ಡಾಕ್ಟರು. ಲೇಸರ್ ಬಣ್ಣವನ್ನು ಪುಡಿ ಮಾಡುತ್ತದೆ ಅಷ್ಟೆ, ಪುಡಿಯನ್ನು ಸಾಗಿಸುವುದು ಮೈಯ ಕೆಲಸ, ಅದಕ್ಕೆ ಪುರುಸೊತ್ತು ಬೇಕು.

"ಸಾಗಿಸೋದು ಎಲ್ಲಿಗೆ?"

"ಒಳಗೇ. ಸ್ವಲ್ಪ ಹೊರಗೆ ಹೋಗತ್ತೆ, ಸ್ವಲ್ಪ ಕಂಕುಳಿನ ಗ್ರಂಥಿಗಳಲ್ಲಿ ಉಳ್ಕೊಳ್ಳತ್ತೆ. ತೊಂದರೆ ಏನಿಲ್ಲ."

ತೊಂದರೆ ಏನಿಲ್ಲವಂತೆ! ಬಸ್ಸಿನಲ್ಲಿ ಅವಳು ಅದನ್ನೇ ಅಗಿದಳು. ಕೈಯಿಂದ ಎಬ್ಬಿಸಿದರೆ ಆ ಮೊದಲನೆಯವಳು ಎದೆಯ ಪಕ್ಕಕ್ಕೆ ಹೋಗಿ ಕೂರುತ್ತಾಳೆ.

ಮದುವೆಗೆ ಮುಂಚೆ ಅವನು ಕೈ ತೋರಿಸಿದಾಗ, ಸತ್ತವಳ ಮೇಲೆ ನಂಗೇನು ಸಿಟ್ಟು ಎಂದಿದ್ದವಳು ಅವಳೇ. ಆದರೆ ಅವನು ಕ್ಷೌರಿಕ. ಅಂಗಡಿಗೆ ಊಟ ಒಯ್ದಾಗಲೆಲ್ಲ ಎದುರುಬದುರು ಕನ್ನಡಿಗಳಲ್ಲಿ ಕತ್ತರಿ ಹಿಡಿದ ಆ ಕೈ ಹತ್ತಾಗಿ, ಇಪ್ಪತ್ತಾಗಿ ಕಾಣುತ್ತಿತ್ತು. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು. ಒಂದು ವರ್ಷ ತಡೆದು, ಕೊನೆಗೆ ಅಳಿಸಿಬಿಡಿ ಎಂದಳು. ಅವನು ಎದುರಾಡದೆ ಒಪ್ಪಿದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದೂ ಅವಳನ್ನು ಚುಚ್ಚಿತ್ತು.

"ನಿಮಗೆ ಮನಸ್ಸಿಲ್ಲ ಅಲ್ವಾ?" ಎಂದು ಈಗ ಕೇಳಿದಳು.

ಅವನು ಮಡಿಸಿದ್ದ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡ. "ಹಚ್ಚೆಯವನು ಬರೆದಿದ್ದಲ್ಲ ಅದು. ಅವಳೇ ಪೆನ್ನಲ್ಲಿ ಬರೆದ್ಲು, ಅವನು ಮೇಲೆ ತಿದ್ದಿದ. ಅವಳ ಅಕ್ಷರ ಅಂತ ನನ್ ಹತ್ರ ಬೇರೆಲ್ಲೂ ಇಲ್ಲ. ಇರ್ಲಿ ಬಿಡು, ಹೋಗ್ತಿದೆಯಲ್ಲ."

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ತನ್ನ ಅಕ್ಷರವನ್ನು ಅವನು ನೋಡಿದ್ದು ಗಿರಾಕಿಗಳ ಅಳತೆಯ ಚೀಟಿಗಳಲ್ಲಿ ಮಾತ್ರ: ಸೊಂಟ ಇಷ್ಟು, ತೋಳು ಇಷ್ಟು.

ಉಳಿದ ಮೂರು ವಾರ ಬೇಕಾದಷ್ಟೇ ಮಾತಾಡಿದಳು. ದಿನಾ ಬೆಳಗ್ಗೆ ಕಾಗುಣಿತ ತಪ್ಪು ಹುಡುಕುವ ಮೇಷ್ಟರಂತೆ ಅವನ ಕೈ ಹಿಡಿದು ನೋಡುವಳು. ಮೊದಲೆರಡು ಅಕ್ಷರ ಹಾಗೇ ಇದ್ದವು. ಮೂರನೆಯದರ ಬಾಲ ಕರಗಿತ್ತು.

ಎಂಟನೆಯ ವಾರ ಅವನು ಡಾಕ್ಟರ ಬಳಿಗೆ ಹೊರಟು ನಿಂತಾಗ, ಒಂದು ನಿಮಿಷ ಎಂದಳು. ಅವನ ಕೈಯನ್ನು ಎಳೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಗಾತ ಇಟ್ಟು, ನಕ್ಷೆ ತೆಗೆಯುವ ತೆಳು ಕಾಗದವನ್ನು ಹೆಸರಿನ ಮೇಲೆ ಹಾಸಿದಳು. ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈ ಅಲುಗಿಸಲಿಲ್ಲ.

ಎರಡು ಅಕ್ಷರ ಸಲೀಸಾಗಿ ಮೂಡಿದವು. ಮೂರನೆಯದರಲ್ಲಿ ಪೆನ್ಸಿಲ್ಲು ನಿಂತಿತು.

"ಇಲ್ಲಿಂದ ಎಲ್ಲಿಗೆ ಹೋಗ್ತಿತ್ತು?" ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು.

"ಕೊಂಬು ಉದ್ದ ಎಳೀತಿದ್ಲು. ಇನ್ನೂ ಕೆಳಗೆ."

ಅವಳು ಹಲ್ಲು ಕಚ್ಚಿ ಗೆರೆಯನ್ನು ಕೆಳಗಿಳಿಸಿದಳು.

"ಸಾಕಾ?"

"ಇನ್ನೊಂಚೂರು."

ಮೊನೆ ಅವನ ನಾಡಿಯ ಮೇಲೆ ಹಾಯುವಾಗ ತೆಳು ಕಾಗದ ಸಣ್ಣಗೆ ಮಿಡಿಯುತ್ತಿತ್ತು.