ಎಡಗಡೆಯ ಗ್ಲಾಸು

ನಮ್ಮ ಚಹಾ ಕಂಪನಿಯ ರುಚಿಕೋಣೆಯಲ್ಲಿ ಮೊದಲು ಬಾಯಿ ಬಿಡುವುದು ಹಿರಿಯ ಕುರ್ಚಿ. ಬಿಳಿ ಬಟ್ಟಲುಗಳ ಸಾಲಿನಿಂದ ಎಲ್ಲರೂ ಚಮಚದಲ್ಲಿ ಸೊರ್ರೆಂದು ಹೀರಿ, ಪೀಕದಾನಿಗೆ ಉಗುಳಿ, ಸುಮ್ಮನೆ ನಿಲ್ಲುತ್ತೇವೆ. ಹಿರಿಯ ಕುರ್ಚಿ "ಸರಿ" ಎಂದರೆ ಆ ಮೂಟೆ ಮಾರಾಟಕ್ಕೆ, "ಬೇಡ" ಎಂದರೆ ವಾಪಸು. ಉಳಿದವರು ಚೀಟಿಯಲ್ಲಿ ಅದರ ಕೆಳಗೆ ತಮ್ಮ ಗುರುತು ಹಾಕುತ್ತಾರೆ. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿ ನನ್ನದು. ಅದಕ್ಕೆ ವಯಸ್ಸಿನ ಕಟ್ಟಿಲ್ಲ, ಮೂಗು ಇರುವ ತನಕ ಕೂತಿರಬಹುದು.

ನನ್ನ ಮೂಗು ಹೋಗಿ ಮೂರು ತಿಂಗಳಾಗಿತ್ತು. ಒಂದು ಜ್ವರ ಬಂದು ಬಿಟ್ಟ ಮೇಲೆ ಒಲೆಯ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಚಹಾದ ಬಣ್ಣ ನೋಡಿ, ನಾಲಿಗೆಯ ಮೇಲೆ ಒಗರು ಹಿಡಿದು, ಎಲೆಯನ್ನು ಬೆರಳಲ್ಲಿ ತಿಕ್ಕಿ ಹೇಗೋ ದಿನ ದೂಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಆ ಕುರ್ಚಿ ಬಿಟ್ಟರೆ ನಾನು ಯಾರು ಎಂಬುದು ನನಗೇ ತಿಳಿಯದು.

ಪಕ್ಕದ ಕುರ್ಚಿ ನಾದಿನಿಯದು, ನನ್ನ ಗಂಡನ ತಂಗಿ. ನಾನು ಎದ್ದರೆ ಅವಳು ಕೂರುತ್ತಾಳೆ. ಅವಳನ್ನು ಕೈಹಿಡಿದು ಆ ಕೋಣೆಗೆ ಕರೆತಂದವಳೇ ನಾನು. ಆ ಉಪಕಾರವನ್ನು ಅವಳು ಇವತ್ತಿನವರೆಗೆ ಕ್ಷಮಿಸಿಲ್ಲ.

ವೈನ್ ಸವಿಯುವವರ ಕೆಲಸ ಹೇಗೆ ನೋಡಿ ಬನ್ನಿ ಎಂದು ಕಂಪನಿ ನಮ್ಮನ್ನು ವಿದೇಶಕ್ಕೆ ಕಳಿಸಿತ್ತು. ಮ್ಯಾನೇಜರು, ನಾನು, ನಾದಿನಿ, ಮತ್ತೆ ನಾವು ನೆಗಡಿಯಣ್ಣ ಎಂದು ಕರೆಯುವ ಸಹೋದ್ಯೋಗಿ. ಕಷ್ಟದ ಬಟ್ಟಲು ಬಂದಾಗಲೆಲ್ಲ ಅವನಿಗೆ ನೆಗಡಿ. ಬೇರೆ ಪ್ರವಾಸಿಗಳ ಜೊತೆ ಒಂದು ಬಸ್ಸಿನಲ್ಲಿ ಒಂದೇ ದಿನಕ್ಕೆ ನಾಲ್ಕು ದ್ರಾಕ್ಷಿ ತೋಟ.

ಬೆಳಿಗ್ಗೆ ಬಸ್ಸು ಹೊರಟ ಕೂಡಲೇ ನಾದಿನಿ ಮೂಗು ಮುಚ್ಚಿಕೊಂಡಳು.

"ಅತ್ತಿಗೆ, ಮುಂದಿನ ಸೀಟಿನ ಹೆಂಗಸು ಸೆಂಟಲ್ಲೇ ಸ್ನಾನ ಮಾಡಿ ಬಂದಿದಾಳೆ. ನನಗಂತೂ ತಲೆ ಸಿಡೀತಿದೆ. ನಿಮಗೆ?"

"ನನಗೂ ಅಷ್ಟೇ."

ಅವಳು ಕೈ ತೆಗೆದು ನಕ್ಕಳು. "ಯಾರೂ ಏನೂ ಹಾಕ್ಕೊಂಡಿಲ್ಲ, ಅತ್ತಿಗೆ."

ನಾನು ದನಿ ತಗ್ಗಿಸಿದೆ. "ಮ್ಯಾನೇಜರಿಗೆ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ನಿಮ್ಮ ಬಾಯೇ ಹೇಳುತ್ತೆ, ನೋಡ್ತಿರಿ."

ಮೊದಲ ತೋಟದಲ್ಲಿ ನೆಲಮಾಳಿಗೆಗೆ ಇಳಿಸಿದರು. ಗೋಡೆಯುದ್ದಕ್ಕೂ ಪೀಪಾಯಿಗಳು, ನಡುವೆ ಉದ್ದ ಮೇಜು, ಮೇಲೊಂದು ಮಂಕು ದೀಪ. ತೋಟದ ಹೆಂಗಸು ಪ್ರತಿಯೊಬ್ಬರ ಮುಂದೆ ಎರಡೆರಡು ಗ್ಲಾಸು ಇಟ್ಟಳು. ಅವಳ ಮಾತನ್ನು ಮ್ಯಾನೇಜರು ನಮಗೆ ತಿಳಿಸಿದರು. ಎರಡೂ ಒಂದೇ ವೈನು, ಒಂದು ಬಾಟಲಿಯ ಬಿರಡೆ ಕೆಟ್ಟು ವೈನಿಗೆ ಮುಗ್ಗಲು ಹತ್ತಿದೆ, ಬಣ್ಣದಲ್ಲಿ ತಿಳಿಯುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ. ಯಾವುದು, ಹೇಳಿ.

ನಾವು ಮೂವರೂ ನಮ್ಮ ಅಭ್ಯಾಸದಂತೆ ಸೊರ್ರೆಂದು ಹೀರಿ, ಒಂದು ಮಾರು ದೂರದಿಂದ ಪೀಕದಾನಿಗೆ ಗುರಿಯಿಟ್ಟು ಉಗುಳಿದೆವು. ಉಳಿದ ಪ್ರವಾಸಿಗಳು ಬೆಚ್ಚಿ ಹಿಂದೆ ಸರಿದರು. ಆಮೇಲೆ ನಮ್ಮವರು ನನ್ನ ಮುಖ ನೋಡುತ್ತಾ ನಿಂತರು. ಹಿರಿಯ ಕುರ್ಚಿ ಮೊದಲು ಹೇಳಬೇಕಲ್ಲ.

ಎರಡೂ ಹುಳಿ, ಎರಡೂ ಒಗರು. ನನಗೆ ಸಿಕ್ಕಿದ್ದು ಅಷ್ಟೇ.

"ಎಡಗಡೇದು ಕೆಟ್ಟಿದೆ" ಎಂದೆ.

"ಹೌದ್ಹೌದು, ಎಡಗಡೇದೇ! ಥೂ, ಒದ್ದೆ ಗೋಣಿಚೀಲ ಇದ್ದಹಾಗಿದೆ" ಎಂದ ನೆಗಡಿಯಣ್ಣ.

"ಬಲಗಡೇದು" ಎಂದು ನಾದಿನಿ ಆ ಗ್ಲಾಸನ್ನು ಮುಂದೆ ತಳ್ಳಿದಳು.

ತೋಟದ ಹೆಂಗಸು ನಗುತ್ತಾ ಅವಳ ಕಡೆಗೆ ಹೌದೆಂದು ತಲೆಯಾಡಿಸಿದಳು.

ನಾದಿನಿ ಮ್ಯಾನೇಜರ ಕಡೆ ತಿರುಗಿದಳು. "ನಮ್ಮತ್ತಿಗೆಗೆ ಮೂರು ತಿಂಗಳ ಹಿಂದೆ ಆ ಜ್ವರ ಬಂದಾಗಿಂದ ಮೂಗೇ ಇಲ್ಲ ಸಾರ್. ಪಕ್ಕದಲ್ಲಿ ಹೆಗ್ಗಣ ಸತ್ತಿದ್ರೂ ಗೊತ್ತಾಗಲ್ಲ. ಪಾಪ, ಹೇಳ್ಕೊಳ್ಳೋಕೆ ನಾಚಿಕೆ."

"ನಿಜಾನಾಮ್ಮ?" ಎಂದು ಅವರು ನನ್ನನ್ನು ಕೇಳಿದರು.

"ನಿಜ ಸಾರ್."

ಅಲ್ಲಿಗೆ ನಿಲ್ಲಿಸಿದ್ದರೆ ಕುರ್ಚಿ ಅವಳದಾಗುತ್ತಿತ್ತು. ಆದರೆ ಗೆದ್ದವಳಿಗೆ ಬಾಯಿ ನಿಲ್ಲುವುದಿಲ್ಲ. ನಾನು ತಲೆತಗ್ಗಿಸಿ ಕಾದೆ.

"ಹೋದ ತಿಂಗಳು ಮುಗ್ಗಲು ಅಂತ ನೂರಿಪ್ಪತ್ತು ಮೂಟೆ ವಾಪಸು ಬಂತಲ್ಲ ಸಾರ್, ಇವರೇ ಸರಿ ಅಂದಿದ್ದು. ಬಟ್ಟಲಿನ ಮುಚ್ಚಳ ತೆಗೆದಾಗಲೇ ಗಬ್ಬು ಹೊಡೀತಿತ್ತು!"

"ತೆಗೆದಾಗಲೇ ನಿಮಗೆ ಗೊತ್ತಾಯ್ತಾ?"

"ಗೊತ್ತಾಗದೆ ಏನು ಸಾರ್, ನನ್ನ ಮೂಗು..." ಎಂದವಳು ಮಾತನ್ನು ಅಲ್ಲೇ ನಿಲ್ಲಿಸಿದಳು.

"ಆ ಚೀಟಿಯಲ್ಲಿ ನಿಮ್ಮ ಗುರುತೂ ಇದೆಯಲ್ಲಮ್ಮ."

ಅವಳ ಮುಖ ಸುಣ್ಣವಾಯಿತು. ನನ್ನ ತೋಳು ಹಿಡಿದುಕೊಂಡಳು. "ಅತ್ತಿಗೆ, ನೀವೇ ಹೇಳಿ. ಹಿರಿಯರು ಸರಿ ಅಂದ್ಮೇಲೆ ನಾವು ಎದುರಾಡೋ ಪದ್ಧತಿ ಇಲ್ಲ ಅಂತ ಹೇಳಿ. ಇಲ್ವಲ್ಲ?"

ನಿಜಕ್ಕೂ ಇರಲಿಲ್ಲ. ಆ ಪದ್ಧತಿಯನ್ನು ಅವಳಿಗೆ ಕಲಿಸಿದ್ದೇ ನಾನು. ಒಮ್ಮೆ ಎದುರಾಡಿದ್ದಕ್ಕೆ ವಾರವಿಡೀ ಬಟ್ಟಲು ತೊಳೆಸಿದ್ದೆ.

"ಈಗಷ್ಟೇ ಎದುರಾಡಿದಳಲ್ಲ, ಸಾರ್" ಎಂದೆ.

ಮ್ಯಾನೇಜರು ಕೈಯಲ್ಲಿದ್ದ ಗ್ಲಾಸನ್ನು ಮೇಜಿನ ಮೇಲಿಟ್ಟರು. "ಒಬ್ಬರು ಗೊತ್ತಿಲ್ಲದೆ ಕಳಿಸಿದ್ರಿ, ಇನ್ನೊಬ್ಬರು ಗೊತ್ತಿದ್ದೂ ಕಳಿಸಿದ್ರಿ. ಇನ್ಮೇಲೆ ಇಬ್ಬರೂ ರುಚಿಕೋಣೆಗೆ ಕಾಲಿಡೋದು ಬೇಡ."

"ಹಾಗಾದ್ರೆ ಸಾರ್, ಕುರ್ಚಿ..." ಎಂದು ನೆಗಡಿಯಣ್ಣ ಮೆಲ್ಲಗೆ ಶುರುಮಾಡಿದ.

"ನೀವೂ ಎಡಗಡೆ ಅಂದ್ರಿ. ಬಾಯ್ಮುಚ್ಚಿ."

ಮತ್ತೆ ಬಸ್ಸು ಹತ್ತಿದೆವು. ಅದೇ ಸೀಟು, ಅದೇ ಪಕ್ಕ.

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ನಾದಿನಿ. "ನಿಮ್ಮದು ಹೇಗೂ ಹೋಗಿತ್ತು."

"ನನ್ನದೇನೂ ಹೋಗ್ತಿರ್ಲಿಲ್ಲ ಕಣೇ. ನಿನಗೆ ಸಿಗ್ತಿತ್ತು."

"ಅಣ್ಣನಿಗೆ ಹೇಳ್ತೀನಿ."

"ಹೇಳು. ಗಬ್ಬು ಹೊಡೀತಿದ್ದ ಬಟ್ಟಲಿಗೆ ಗುರುತು ಹಾಕಿದ್ದನ್ನೂ ಸೇರಿಸಿ ಹೇಳು."

ಎರಡನೆಯ ತೋಟ ಬಂತು. ಎಲ್ಲರೂ ಇಳಿದರು. ನಾದಿನಿ ಎದ್ದು, ಕೈಚೀಲ ಎದೆಗವಚಿಕೊಂಡು ನಿಂತಳು. ಕಿಟಕಿಯ ಕಡೆ ಅವಳು, ದಾರಿಯ ಕಡೆ ನಾನು. ಅವಳು ಹೊರಗೆ ಹೋಗಬೇಕೆಂದರೆ ನಾನು ಕಾಲು ಮಡಚಬೇಕಿತ್ತು.

ಮಡಚಲಿಲ್ಲ.