ಶಿವಪ್ಪನ ಬುರಿಟೋ

ಜರ್ಮನಿಯ ಫೊಯರ್‌ಬಾಕ್‌ನ ಆ ಕಟ್ಟಡಕ್ಕೆ ಹೊಸ ಮಾಲೀಕ ಬಂದ, ಬಾಡಿಗೆ ಏರಿಸಿದ. ಕೆಳಗಿದ್ದ, ಮೆಕ್ಸಿಕನ್ ಥರದ ಊಟದ ಟೆಕ್ಸ್-ಮೆಕ್ಸ್ ಹೋಟೆಲಿಗೆ ಅದನ್ನು ನಡೆಸುತ್ತಿದ್ದ ಇನೆಸ್ ಬೀಗ ಹಾಕಿದಳು. ಪಾಳಿ ಮುಗಿಸಿ ಬಂದವರು ಹೊಟ್ಟೆತುಂಬ ಉಣ್ಣುತ್ತಿದ್ದ ಜಾಗದಲ್ಲಿ ಇನ್ನು ದುಬಾರಿ ಫ್ಲಾಟುಗಳು ಏಳುತ್ತವಂತೆ. ದುಡಿಯುವವರ ಬಾಯಿಂದ ತುತ್ತು ಕಸಿದು ಅದಕ್ಕೆ ಅಭಿವೃದ್ಧಿ ಎಂದು ಬೋರ್ಡು ಬರೆಸುವುದು ಎಲ್ಲ ಊರಲ್ಲೂ ಒಂದೇ ಥರ.

ಆ ದಿನ ಮಹಾಲಯ ಅಮಾವಾಸ್ಯೆ. ಕಾಂತಾಮಣಿ ತೀರಿಕೊಂಡ ಗಂಡನಿಗೆ ಎಡೆ ಇಡಬೇಕು. ಸತ್ತವರು ಇಷ್ಟಪಟ್ಟದ್ದನ್ನೇ ಬಡಿಸಬೇಕು. ಮಂಡ್ಯದ ಶಿವಪ್ಪ ಇಷ್ಟಪಟ್ಟದ್ದು ಇನೆಸಳ ಕೋಳಿ ಬುರಿಟೋ, ರೊಟ್ಟಿಯಲ್ಲಿ ಸುತ್ತಿದ ಖಾರದ ಕೋಳಿ. ಜರ್ಮನಿಗೆ ಬಂದ ಹೊಸತರಲ್ಲಿ, ಸಪ್ಪೆ ತಿಂದು ನಾಲಿಗೆ ಸತ್ತಿದ್ದಾಗ, ಈ ಹೋಟೆಲಿನ ಮೆಣಸಿನಕಾಯಿ ಕಚ್ಚಿ, ಊರಿನ ಖಾರ ಸಿಕ್ಕಿತೆಂದು ಅತ್ತಿದ್ದ. ಆಮೇಲೆ ಸಾಯುವವರೆಗೂ ಶನಿವಾರ ಬೇರೆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ಹೋದ ವರ್ಷದವರೆಗೂ ಎಡೆಗೆ ಬುರಿಟೋ ಇಲ್ಲಿಂದಲೇ ಹೋಗುತ್ತಿತ್ತು.

ಈ ಸಲ ಕಾಂತಾಮಣಿ ತಾನೇ ಮಾಡಿದಳು. ಎಡೆ ಇಡುವ ಮೊದಲು ರುಚಿ ನೋಡುವಂತಿಲ್ಲ. ಅದೇ ರುಚಿ ಬಂದಿದೆಯೋ ಇಲ್ಲವೋ ಎಂಬ ಸಂಕಟದಲ್ಲೇ ಹೋಟೆಲಿನ ಮೆಟ್ಟಿಲ ಮೇಲೆ ಎಲೆ ಹಾಸಿ ಬಡಿಸಿದಳು.

"ಅಮ್ಮಾ, ಪ್ಲೀಸ್, ಮನೇಲೇ ಇಡೋಣ. ಎಲ್ರೂ ನೋಡ್ತಿದಾರೆ," ಎಂದಳು ಮಗಳು ಪವಿ.

"ನೋಡ್ಲಿ. ನಿಮ್ಮಪ್ಪ ಯಾವ ಶನಿವಾರ ನೆಟ್ಗೆ ಮನೆಗ್ ಬಂದಿದ್ರು? ಈಗ್ಲೂ ಬಂದ್ರೆ ಇಲ್ಲಿಗೇ."

"ಕಾಗೆ ಬರ್ಬೇಕಲ್ವಾ?"

"ಜರ್ಮನಿ ಕಾಗೆಗೆ ಹಸಿವಾಗಕಿಲ್ವಾ?"

ಕಾಗೆಯೊಂದು ಎದುರಿನ ಕಂಬದ ಮೇಲೆ ಕೂತು ನೋಡಿ ಹಾರಿಹೋಯಿತು. ಖಾಲಿ ಮಾಡಲೆಂದು ಒಳಗೆ ಪಾತ್ರೆ ಕಟ್ಟುತ್ತಿದ್ದ ಇನೆಸ್ ಬಾಗಿಲು ತೆರೆದು ಬಂದಳು. ಪವಿ ಜರ್ಮನ್‌ನಲ್ಲಿ ಎಡೆಯ, ಕಾಗೆಯ ವಿಷಯ ಎಲ್ಲ ಹೇಳಿದಳು.

"ಹಾಗಾದರೆ ಯಾರಾದರೂ ತಿನ್ನಲೇಬೇಕು," ಎಂದು ಇನೆಸ್ ಬುರಿಟೋ ಮುರಿದು ಅರ್ಧ ಬಾಯಿಗಿಟ್ಟಳು. ಕಾಂತಾಮಣಿ ಅವಳ ಬಾಯನ್ನೇ ನೋಡುತ್ತಿದ್ದಳು.

"ಅದೇ ರುಚಿನಾ ಕೇಳೇ," ಎಂದಳು ಮಗಳಿಗೆ.

ಇನೆಸ್ ತಲೆಯಾಡಿಸಿದಳು. "ಅಲ್ಲ. ಹೊಗೆಯ ವಾಸನೆ ಇಲ್ಲ. ಅದು ನನ್ನ ಕಾವಲಿಯದು, ಅದನ್ನು ಮೊನ್ನೆ ಮಾಲೀಕನ ಕಡೆಯವರು ಗುಜರಿಗೆ ಹಾಕಿದರು." ಬಾಯಿ ಒರೆಸಿಕೊಂಡು ಅಂದಳು: "ಶಿವಪ್ಪ ನನ್ನನ್ನು ಬೈಯುತ್ತಲೇ ತಿನ್ನುತ್ತಿದ್ದ. ಇದ್ದಿದ್ದರೆ ಇದನ್ನೂ ತಿನ್ನುತ್ತಿದ್ದ."

ಉಳಿದರ್ಧವನ್ನು ಕಾಂತಾಮಣಿ ತಿಂದಳು. ಉಪ್ಪೂ ಕಮ್ಮಿಯಾಗಿತ್ತು.

"ಹೋಗೋಣ್ವಾ?" ಎಂದಳು ಪವಿ.

"ಕೂತ್ಕೊ. ಬೀಗ ಬಾಗ್ಲಿಗೆ ತಾನೆ, ಮೆಟ್ಲಿಗೆ ಹಾಕಿಲ್ವಲ್ಲ. ಶನಿವಾರಾನೂ ಬತ್ತೀನಿ. ಕಾವಲಿ ಯಾವ ಗುಜರಿಗ್ ಹಾಕಿದ್ರು ಅಂತ ಕೇಳು ಅವ್ಳನ್ನ."